ತೊಟ್ಟಿಯ ತಳದ ಕಳ್ಳತನ

ಮನೆಯಲ್ಲಿ ಕಳ್ಳನಿದ್ದಾನೆ ಎಂಬುದರಲ್ಲಿ ಯಜಮಾನರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಉಳಿದ ಎಲ್ಲದರ ಮೇಲೆ. ಕಾರ್ಖಾನೆಯ ಉಗ್ರಾಣ ಕಾಯುವುದು ಅವರ ಕೆಲಸ. ಸಂಜೆ ಹೊರಗೆ ಹೋಗುವವರ ಚೀಲ, ಜೇಬು, ಊಟದ ಡಬ್ಬಿ ಎಲ್ಲವನ್ನೂ ತಡಕಿ, ಒಂದು ಮೊಳೆ ಸಿಕ್ಕರೂ ‘ಸಾಕ್ಷಿ’ ಎಂದು ಕರವಸ್ತ್ರದ ತುದಿಗೆ ಗಂಟು ಹಾಕಿಕೊಳ್ಳುವ ಮನುಷ್ಯ. (ಆ ಮೊಳೆಗಳೆಲ್ಲ ಬಟ್ಟೆ ಒಗೆಯುವಾಗ ಹೆಂಡತಿಯ ಕೈಗೆ ಚುಚ್ಚುತ್ತಿದ್ದವು.) ಅಂಥವರ ಸ್ವಂತ ಮನೆಯಲ್ಲೇ, ಸಾಕಿದ ಆಮೆಯ ತೊಟ್ಟಿಯ ತಳದಿಂದ ಕಲ್ಲುಗಳು ಮಾಯವಾಗುವುದೆಂದರೇನು!

ಆಮೆ ಹೆಂಡತಿಯದು. ಬೆಂಕಿಪೊಟ್ಟಣದಷ್ಟಿದ್ದಾಗ ತಂದು, ಅಂಗೈಯಗಲ ಬೆಳೆಸಿ, ‘ದೊರೆ’ ಎಂದು ಹೆಸರಿಟ್ಟಿದ್ದಳು. ಗಂಡ ಕೂಗಿದರೆ ಓಗೊಡದವಳು, ದೊರೆ ನೀರಿನಲ್ಲಿ ಗುಳುಕ್ ಎಂದರೆ ಅಡುಗೆಮನೆಯಿಂದ ಓಡಿಬರುತ್ತಿದ್ದಳು. ಅದಕ್ಕೆ ಹೊಸ ಗಾಜಿನ ತೊಟ್ಟಿ ಬಂದಾಗ, ತಳಕ್ಕೆ ಏನು ಹಾಸಬೇಕೆಂಬ ಮಹಾಪ್ರಶ್ನೆ ಎದ್ದಿತು.

“ಏನೂ ಬೇಡ ಕಣ್ರೀ, ಬರೀ ಗಾಜೇ ಇರಲಿ. ತೊಳೆಯೋಕೂ ಸುಲಭ.”

“ಖಾಲಿ ತಳಾನಾ? ನೋಡಿದೋರು ಉಗ್ರಾಣದೋರ ಮನೇಲೇ ಸರಕಿಲ್ಲ ಅಂತಾರೆ!”

“ಹಾಗಾದ್ರೆ ಅದರ ತಲೆಗಿಂತ ದೊಡ್ಡದಾದ ನುಣುಪು ಕಲ್ಲು ತನ್ನಿ. ಇಲ್ಲಾ, ನಯವಾದ ಮರಳು.”

ಮರಳಿನಲ್ಲಿ ಯಾರು ಏನನ್ನಾದರೂ ಹೂತಿಡಬಹುದು. ದೊಡ್ಡ ಕಲ್ಲಿನ ಹಿಂದೆ ಏನನ್ನಾದರೂ ಬಚ್ಚಿಡಬಹುದು. ಇಷ್ಟಕ್ಕೂ ಇವಳಿಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರು? ಯಜಮಾನರು ಯಾರ ಮಾತಿಗೂ ಸೊಪ್ಪು ಹಾಕದೆ, ಗೋಲಿಗಿಂತ ಚಿಕ್ಕದಾದ ಬಿಳಿ ಹರಳುಗಳನ್ನು ತಂದು ಸುರಿದರು.

ಆ ವಾರ ಮುಗಿಯುವುದರೊಳಗೆ ಹರಳಿನ ಹಾಸು ತೆಳ್ಳಗಾಯಿತು. ಸಂಶಯ ನೇರವಾಗಿ ಭಾವಮೈದುನನ ಮೇಲೆ ಹೋಯಿತು. ಬಾಡಿಗೆ ಮನೆ ಸಿಗುವ ತನಕ ಇರುತ್ತೇನೆಂದು ಬಂದು, ಮನೆ ಹುಡುಕುವುದನ್ನೇ ಮರೆತ ಪುಣ್ಯಾತ್ಮ ಅವನು. ಅವನ ಕೆಲಸ ಹೂಕುಂಡದ ಅಂಗಡಿಯಲ್ಲಿ. ಹೂಕುಂಡಕ್ಕೆ ಹರಳು ಬೇಕೇ ಬೇಕಲ್ಲ!

ಯಜಮಾನರು ಬ್ರಹ್ಮಾಸ್ತ್ರವನ್ನೇ ಹೂಡಿದರು. ಉಗ್ರಾಣದಲ್ಲಿ ಕಳುವಾಗುವ ಸಾಮಾನಿಗೆಲ್ಲ ಕೆಂಪು ಚುಕ್ಕೆ ಇಡುವುದು ಅವರ ಪದ್ಧತಿ. ಹೆಂಡತಿ ಪೇಟೆಗೆ ಹೋದ ಸಮಯ ನೋಡಿ, ಅವಳದೇ ಉಗುರುಬಣ್ಣದಿಂದ ಒಂದೊಂದು ಹರಳಿಗೂ ಬೊಟ್ಟಿಟ್ಟು, ಒಣಗಿಸಿ, ಬೊಟ್ಟು ಕಾಣದಂತೆ ಮಗುಚಿ ಹಾಸಿದರು. ದೊರೆ ಕತ್ತು ಚಾಚಿ ಎಲ್ಲವನ್ನೂ ನೋಡಿತು. ಅದರ ನೋಟವೂ ಅವರಿಗೆ ಯಾಕೋ ಸರಿಬರಲಿಲ್ಲ.

ಎರಡು ದಿನಕ್ಕೆ ದೊರೆ ಊಟ ಬಿಟ್ಟಿತು. “ನಾಟಕ!” ಎಂದರು ಯಜಮಾನರು. ಮರುದಿನ ಬೆಳಿಗ್ಗೆ ಭಾವಮೈದುನ ಚಪ್ಪಲಿ ಮೆಟ್ಟುತ್ತಿದ್ದಾಗ ಬಾಗಿಲಿಗೆ ಅಡ್ಡ ನಿಂತರು.

“ಜೇಬು ತೋರ್ಸು.”

“ಯಾಕೆ ಭಾವ?”

“ತೋರ್ಸು ಅಂದೆ!”

ಹಿಡಿ ಹರಳು ಉದುರಿತು. ಎಲ್ಲಕ್ಕೂ ಕೆಂಪು ಬೊಟ್ಟು! ಯಜಮಾನರಿಗೆ ಜನ್ಮ ಸಾರ್ಥಕವಾದಂತಾಯಿತು.

“ಬಾರೇ ಇಲ್ಲಿ! ನೋಡು ನಿನ್ನ ತಮ್ಮನ ಪ್ರತಾಪ!”

“ನಾನೇ ತೆಗ್ಸಿದ್ದು ಕಣ್ರೀ,” ಎಂದಳು ಹೆಂಡತಿ, ಕೈ ಒರೆಸಿಕೊಳ್ಳುತ್ತ. “ಸಣ್ಣ ಕಲ್ಲನ್ನ ಆಮೆ ನುಂಗಿಬಿಡುತ್ತೆ, ಹೊಟ್ಟೆ ಕಟ್ಟುತ್ತೆ ಅಂತ ಡಾಕ್ಟ್ರು ಹೇಳಿದ್ರು. ನಿಮಗೆ ಹೇಳಿದ್ರೆ ಡಾಕ್ಟ್ರ ಜೇಬನ್ನೇ ತಡಕ್ತೀರ. ಅದಕ್ಕೇ ದಿನಾ ಒಂದೊಂದು ಹಿಡಿ ಹೊರಗೆ ಚೆಲ್ಲು ಅಂತ ಇವನಿಗೆ ಹೇಳಿದ್ದೆ. ಅಲ್ಲಾ, ಇದೇನಿದು ಕೆಂಪು?”

ದೊರೆಯ ಜೊತೆ ನಾಲ್ಕು ಹರಳನ್ನೂ ಆಸ್ಪತ್ರೆಗೆ ಒಯ್ದು ತೋರಿಸಿದಾಗ, ಆ ಪ್ರಶ್ನೆಯನ್ನೇ ಪ್ರಾಣಿವೈದ್ಯರೂ ಕೇಳಿದರು. ದೊರೆಯ ಎಕ್ಸ್‌ರೇಯಲ್ಲಿ ಮೂರು ಹರಳು ಸ್ಪಷ್ಟವಾಗಿದ್ದವು. “ತಳ ಕೆದಕುವಾಗ ಕೆಂಪು ಕಂಡ್ರೆ ಇದು ತಿಂಡಿ ಅಂದ್ಕೊಂಡು ಬಾಯಿ ಹಾಕುತ್ತೆ. ಯಾರ್ರೀ ಬೊಟ್ಟಿಟ್ಟಿದ್ದು?” ಯಜಮಾನರು ಗೋಡೆಯ ಮೇಲಿದ್ದ ನಾಯಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. “ಔಷಧಿ ಕೊಡ್ತೀನಿ. ಶುಕ್ರವಾರದೊಳಗೆ ಮೂರೂ ತಾವಾಗೇ ಹೊರಗೆ ಬಂದ್ರೆ ಸರಿ. ಇಲ್ಲಾಂದ್ರೆ ಚಿಪ್ಪು ಕೊಯ್ಯಬೇಕು. ಆಮೇಲೆ ಉಳಿಯುತ್ತೆ ಅಂತ ನಾನು ಮಾತು ಕೊಡಲಾರೆ.”

ಹೆಂಡತಿ ದಾರಿಯುದ್ದಕ್ಕೂ ಅತ್ತಳು. ಮನೆಗೆ ಬಂದು ತೊಟ್ಟಿಯನ್ನು ಬರೀ ಗಾಜಾಗುವ ಹಾಗೆ ಬಳಿದು ತೊಳೆದಳು. ಗಂಡನ ಜೊತೆ ಮಾತು ಬಿಟ್ಟಳು. ಯಜಮಾನರೋ, ಹೊರಬಂದ ಹರಳು ಹಾಕಲು ಒಂದು ತಟ್ಟೆಯಿಟ್ಟು, ಟೀ ಸೋಸುವ ಜಾಲರಿ ಹಿಡಿದು, ಕೆಲಸದ ಹೊತ್ತು ಬಿಟ್ಟರೆ ತೊಟ್ಟಿಯ ಮುಂದೆಯೇ ಕೂತರು.

ಶುಕ್ರವಾರ ಸಂಜೆ ಅವರು ಬಂದಾಗ ಹೆಂಡತಿ ಆಮೆಯನ್ನು ಟವೆಲ್ಲಿನಲ್ಲಿ ಸುತ್ತಿ ಆಸ್ಪತ್ರೆಗೆ ಹೊರಟು ನಿಂತಿದ್ದಳು. ತಟ್ಟೆಯಲ್ಲಿ ಎರಡೇ ಹರಳು.

“ಎರಡೇನಾ?” ಯಜಮಾನರು ಕಿರುಚಿದರು. “ಬೆಳಿಗ್ಗೆ ನಾನೇ ಒಂದು ತೆಗೆದೆ ಕಣೇ! ನೀನೆಷ್ಟು ತೆಗೆದೆ?”

“ಎರಡು. ಎರಡೂ ಅಲ್ಲೇ ಇದೆ. ನಿಮ್ಮದೆಲ್ಲಿ?”

“ತಟ್ಟೇಲೇ ಹಾಕಿದ್ದೆ!”

“ನಂಬೋದು ಹೇಗ್ರೀ? ಸಾಕ್ಷಿ ಇಲ್ದೆ ಯಾರನ್ನೂ ನಂಬಬಾರದು ಅಂತ ನೀವೇ ತಾನೇ ಹೇಳೋದು? ನಿಮ್ಮ ಮಾತು ಕೇಳ್ಕೊಂಡು ಕೂತು, ಅದರ ಹೊಟ್ಟೇಲೇ ಒಂದು ಉಳಿದಿದ್ರೆ?”

“ಹಾಗಾದ್ರೆ ಯಾರೋ ಕದ್ದಿದ್ದಾರೆ! ಈ ಮನೇಲೇ ಇದ್ದಾರೆ! ತೋರ್ಸಿ, ಎಲ್ಲರೂ ಜೇಬು ತೋರ್ಸಿ!”

ಭಾವಮೈದುನ ಸಮಾಧಾನವಾಗಿ ಎರಡೂ ಜೇಬು ಹೊರಗೆಳೆದ. ಖಾಲಿ. “ಎಲ್ಲರೂ ಅಂದ್ರೆ ನೀವೂ ಬಂದ್ರಲ್ಲ ಭಾವ.”

ಯಜಮಾನರು ರೋಷದಿಂದ ಜೇಬು ಮಗುಚಿದರು. ಕೀಲಿಗೊಂಚಲು, ಬಾಚಣಿಗೆ, ಕರವಸ್ತ್ರ. ಕರವಸ್ತ್ರದ ತುದಿಯಲ್ಲಿ ಗಂಟು. ಗಂಟು ನೋಡಿದ್ದೇ ಅವರ ಮುಖ ಬಿಳಿಚಿಕೊಂಡಿತು. ಬಿಚ್ಚಿದ್ದು ಭಾವಮೈದುನನೇ. ಒಳಗೆ ಒಂದು ಬಿಳಿ ಹರಳು, ಅದಕ್ಕೊಂದು ಕೆಂಪು ಬೊಟ್ಟು. ಹೆಂಡತಿ ಅದನ್ನು ಕಣ್ಣಿಗೊತ್ತಿಕೊಂಡು ನಕ್ಕಳು, ಅತ್ತಳು, ದೊರೆಯನ್ನು ನೀರಿಗೆ ಬಿಟ್ಟು ತಿಂಡಿ ಹಾಕಿದಳು. ದೊರೆ ಗಬಕ್ಕನೆ ತಿಂದಿತು.

ಈಗ ತೊಟ್ಟಿಯ ತಳದಲ್ಲಿ ದೊರೆಯ ತಲೆಗಿಂತ ದೊಡ್ಡದಾದ ಐದಾರು ನುಣುಪು ಕಲ್ಲುಗಳಿವೆ. ಸಂಜೆ ಯಜಮಾನರು ಕಾರ್ಖಾನೆಯಲ್ಲಿ ನೂರಾರು ಜನರ ಜೇಬು ತಡಕಿ ಮನೆಗೆ ಬಂದರೆ, ಬಾಗಿಲಲ್ಲಿ ಭಾವಮೈದುನ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಅವನು ಬಾಡಿಗೆ ಮನೆಯ ಸುದ್ದಿ ಎತ್ತುವುದಿಲ್ಲ, ಇವರೂ ಕೇಳುವುದಿಲ್ಲ. ಜೇಬು ಮಗುಚಿ ತೋರಿಸಿ, ಕರವಸ್ತ್ರ ಕೊಡವಿ, ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಾರೆ.