ಎಡಬಾಗಿಲು ತೆರೆಯದ ಕಾರಿನ ಬಾಬತ್ತು

ಇಂದ,
ರವಿಕಾಂತ, ಮೂಲತಃ ಬೀದರ ಜಿಲ್ಲೆ,
ಸದ್ಯ ಸಾತಪುರ, ನಾಸಿಕ.

ಗೆ,
ಕುಮಾರಿ ಅನುರಾಧಾ, ಬ್ಯಾಂಕ್ ಉದ್ಯೋಗಿ,
ಛತ್ರಪತಿ ಸಂಭಾಜಿನಗರ.

ವಿಷಯ: ವಿಮೆಯವರು ಕೈಬಿಟ್ಟ ಕಾರನ್ನು ಇನ್ನೂ ಓಡಿಸಬೇಕೋ ಬೇಡವೋ ಎಂಬ ಬಗ್ಗೆ.

ಉಲ್ಲೇಖ: ಕಳೆದ ಭಾನುವಾರ ಪೈಠಣದ ಸೀರೆ ಅಂಗಡಿಯ ಮುಂದೆ ತಾವು ಎಲ್ಲರೆದುರು ಕೇಳಿದ ಪ್ರಶ್ನೆ.

ಮಾನ್ಯ ಭಾವೀ ಪತ್ನಿಯವರೇ,

ಅರ್ಜಿದಾರನು ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಕನಾಗಿದ್ದು, ಕೂದಲೆಳೆಯಷ್ಟು ದೋಷವಿರುವ ಬಿಡಿಭಾಗಕ್ಕೂ ಕೆಂಪು ಚೀಟಿ ಕಟ್ಟಿ ಗುಜರಿಗೆ ತಳ್ಳುವವನೆಂಬುದು ತಮಗೆ ತಿಳಿದೇ ಇದೆ. ಅಂಥವನು ತನ್ನ ಕಾರಿನ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡ ಬಗೆ ಹೀಗಿದೆ:

1. ತಮ್ಮ ಮನೆಗೆಂದು ದ್ರಾಕ್ಷಿ ತರಲು ಪಿಂಪಳಗಾಂವ್ ಬಸವಂತ್‌ಗೆ ಹೋದಾಗ, ಈರುಳ್ಳಿ ತುಂಬಿದ ಟ್ರ್ಯಾಕ್ಟರೊಂದು ಹಿಮ್ಮುಖವಾಗಿ ಬಂದು, ನಿಂತಿದ್ದ ಕಾರಿನ ಎಡಮಗ್ಗುಲಿಗೆ ಗುದ್ದಿತು. ವಿಮೆಯವರು ಬಂದು ಒಂದು ಸುತ್ತು ಹಾಕಿ, ದುರಸ್ತಿಗೆ ಲಾಯಕ್ಕಿಲ್ಲ, 'ಪೂರ್ಣ ನಷ್ಟ' ಎಂದು ಬರೆದರು. ಈ ಕಾರಣದಿಂದ ಅರ್ಜಿದಾರನಿಗೆ ಸಿಟ್ಟು ಬಂತು. ತಮ್ಮನ್ನು ನೋಡಲು ಮೊದಲ ಸಲ ಹೊತ್ತು ತಂದ ಗಾಡಿ ಅದು! ನಷ್ಟವಂತೆ, ನಷ್ಟ! ಆದ್ದರಿಂದ ಮಿಸ್ತ್ರಿ ದತ್ತುವಿನಿಂದ ತಟ್ಟಿಸಿ ಕುಟ್ಟಿಸಿ ಓಡಿಸತೊಡಗಿದನು. ಎಡಗಡೆಯ ಎರಡೂ ಬಾಗಿಲು ತೆರೆಯಲಿಲ್ಲ. ಬಲಗಡೆಯವು ಇವೆಯಲ್ಲ ಎಂದು ಸುಮ್ಮನಾದನು.

2. ಕಳೆದ ಭಾನುವಾರ ತಮ್ಮನ್ನೂ ತಮ್ಮ ತಂದೆ ವಿಶ್ವನಾಥಪ್ಪನವರನ್ನೂ ಮದುವೆ ಸೀರೆಗೆಂದು ಪೈಠಣಕ್ಕೆ ಕರೆದೊಯ್ದನು. ಹಿರಿಯರು ಮುಂದೆಯೇ ಕೂಡಬೇಕಲ್ಲವೇ? ಆ ಕಾರಣದಿಂದ ಅವರು ಚಾಲಕನ ಬಾಗಿಲಿನಿಂದ ನುಗ್ಗಿ, ಗೇರ್ ದಾಟಿ, ಹೇಗೋ ಸ್ಥಾಪಿತರಾದರು. ಇಳಿಯುವಾಗ ಅವರ ಗರಿಗರಿ ಧೋತರ ಗೇರಿಗೆ ಸುತ್ತಿಕೊಂಡಿತು. ಅಂಗಡಿಯವರೆಲ್ಲ ಹೊರಬಂದು "ಕಾಕಾ, ಮೊದಲು ಕಾಲು!", "ಅಲ್ಲಲ್ಲ, ಮೊದಲು ತಲೆ!" ಎಂದು ಮರಾಠಿಯಲ್ಲಿ ಕೂಗಿದರು. "ಅಳಿಯಂದ್ರೇ, ಗಾಡಿ ಛಲೋನೇ ಅದರಿ. ಇಳಿಯೋದೊಂದೇ ತ್ರಾಸ್," ಎಂದು ಅವರು ಒಳಗಿಂದಲೇ ಸಮಾಧಾನ ಹೇಳಿದರು.

3. ತಾವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಅರ್ಜಿದಾರನೂ ನಕ್ಕನು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಿರಿ: "ಅಲ್ರೀ, ಫ್ಯಾಕ್ಟ್ರಿದಾಗ ಜರಾ ಫರಕ್ ಇದ್ರ ವಾಪಸ್ ಕಳಿಸ್ತೀರಿ. ನಮ್ಮಪ್ಪಗ ಮಾತ್ರ ಇದ್ರಾಗ ಕೂಡಿಸ್ತೀರಿ? ಬೆಂಕಿ-ಗಿಂಕಿ ಹತ್ತಿದ್ರ ಹ್ಯಾಂಗ್ ಇಳಿತಿದ್ರು? ನಾ ಇನ್ನ ಇದ್ರಾಗ ಕೂಡಂಗಿಲ್ಲ ನೋಡ್ರಿ."

4. ಅರ್ಜಿದಾರನ ನಗು ಅಲ್ಲಿಗೇ ನಿಂತಿತು. ಮರುದಿನ ಗಾಡಿ ತನ್ನದೆಂಬುದನ್ನು ಮರೆತು ತಪಾಸಣೆ ಮಾಡಲಾಗಿ, ನಾಲ್ಕು ಚಕ್ರಗಳು ನಾಲ್ಕು ಊರಿನ ಕಡೆ ಮುಖ ಮಾಡಿರುವುದು ಕಂಡುಬಂತು. ಕೈಯಾರೆ ಕೆಂಪು ಚೀಟಿ ಕಟ್ಟಿದನು. ದುಃಖವಾಯಿತು. ತಮ್ಮಿಬ್ಬರನ್ನೂ ಅದರಲ್ಲಿ ಕೂರಿಸಿಕೊಂಡು ಹೋಗಿದ್ದನ್ನು ನೆನೆದು ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಆದ್ದರಿಂದ ಸದರಿ ಕಾರು ಇನ್ನು ಓಡುವುದಿಲ್ಲ. ಈ ಕಾರಣದಿಂದ ಬರುವ ಭಾನುವಾರ ಬಸ್ಸಿನಲ್ಲಿ ಬರಲಿರುವ ಅರ್ಜಿದಾರನನ್ನು ಸಿಟ್ಟು ಬಿಟ್ಟು ಸ್ವೀಕರಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಈವರೆಗೆ ತಿರಸ್ಕೃತನಾಗದ,
ರವಿಕಾಂತ

ಅಡಕ:
1. ವಿಮೆಯವರ ಪತ್ರದ ನಕಲು.
2. ಗುಜರಿಯವನ ರಸೀದಿ.
3. ತಮ್ಮ ತಂದೆಯವರಿಗೆ ಹೊಸ ಧೋತರ.

ವಿ.ಸೂ.: ಬಸ್ ನಿಲ್ದಾಣದಿಂದ ಮನೆಯವರೆಗೆ ತಮ್ಮ ಸ್ಕೂಟಿಯ ಹಿಂದಿನ ಸೀಟನ್ನು ಮಂಜೂರು ಮಾಡಬೇಕು. ದಾರಿಯಲ್ಲಿ ತಮ್ಮ ಬ್ಯಾಂಕಿನವರು ಕಂಡು ನಕ್ಕರೆ ಅರ್ಜಿದಾರನ ಆಕ್ಷೇಪಣೆ ಇರುವುದಿಲ್ಲ. ಎಲ್ಲಿ ಹಿಡಿದುಕೊಂಡು ಕೂಡಬೇಕೆಂಬ ಬಗ್ಗೆ ಮಾತ್ರ ಲಿಖಿತ ಆದೇಶ ಕೋರಲಾಗಿದೆ.