ಬಂದ್ ಕಾಲದ ಲಂಗೋಟಿ

ಜಹೀರಾಬಾದಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಕೂತವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಜನ ಮಾನ ಮುಚ್ಚಿಕೊಳ್ಳಲು ಬಟ್ಟೆ ಕೇಳಿ ಬರುತ್ತಾರೆ. ನಾನು ಅಳೆದು ಹರಿಯುವಷ್ಟರಲ್ಲಿ ಮನೆಯದನ್ನೆಲ್ಲ ಬಿಚ್ಚಿಟ್ಟಿರುತ್ತಾರೆ. ತೆಲಂಗಾಣ ಬೇಕೆಂದು ಮಾತುಮಾತಿಗೆ ಬಂದ್ ನಡೆಯುತ್ತಿದ್ದ ಆ ವರ್ಷಗಳಲ್ಲಂತೂ ವ್ಯಾಪಾರ ಕಡಿಮೆ, ತಮಾಷೆ ಜಾಸ್ತಿ. ಈ ಪ್ರಸಂಗಗಳೆಲ್ಲ ನಮ್ಮ ಅಂಗಡಿಯ ಎದುರು ಮನೆಯವು.

ಹಳೇವು ಅದಾವೇನ್ರಿ?

ಎದುರು ಮನೆಯ ಯಜಮಾನರು ನಮ್ಮ ಓಣಿಯ ಲೀಡರ್. ಬಂದ್ ಎಂದರೆ ಸಾಕು, ಮೈಕು ಹಿಡಿದು ಬಂದು ಎಲ್ಲರಿಗಿಂತ ಮೊದಲು ನನ್ನ ಶಟರ್ ಇಳಿಸುವವರು. ಅವರ ಮಗಳು ಹೆರಿಗೆಗೆಂದು ತವರಿಗೆ ಬಂದು ಗಂಡು ಹಡೆದಳು. ಮರುದಿನ ಬೋಣಿಗೆಯ ಹೊತ್ತಿಗೆ ಲೀಡರ್ ಹೆಂಡತಿ ಅಂಗಡಿಗೆ ಬಂದರು. ನಾನು ಒಳ್ಳೆಯ ಮಲ್ ಬಟ್ಟೆಯ ಥಾನು ತೆಗೆದು ಸುರುಳಿ ಬಿಚ್ಚಿದೆ.

"ಲಂಗೋಟಿಗಿ ಇದರಕಿಂತ ಮೆತ್ತನ್ನ ಅರಿವಿ ಹೈದರಾಬಾದ್‌ದಾಗೂ ಸಿಗಲ್ಲರಿ ಅಕ್ಕೋರ."

"ಅಯ್ಯ, ಹಸುಗೂಸಿಗಿ ಹೊಸ ಅರಿವಿ ಹಾಕ್ತಾರೇನ್ರಿ ಸಾವ್ಕಾರ್ರ? ಹಳೇವು ಅದಾವೇನು?"

ನಮ್ಮ ಕಡೆಯ ಪದ್ಧತಿ ಹಾಗೆ. ಕೂಸಿನ ಮೊದಲ ಲಂಗೋಟಿ ಹಣ್ಣಾದ ಹಿರಿಯರು ಉಟ್ಟು ಸವೆಸಿದ ಬಟ್ಟೆಯದೇ ಆಗಬೇಕು. ಅವರ ಆಯುಷ್ಯ ಕೂಸಿಗೂ ಬರುತ್ತದಂತೆ. ಆಕೆಯ ಕಣ್ಣು ಗಾದಿಯ ಮೂಲೆಯಲ್ಲಿ ತೂಕಡಿಸುತ್ತಿದ್ದ ನನ್ನ ಅಪ್ಪನ ಮೇಲೆ ಬಿತ್ತು. ಅಪ್ಪ ನಮ್ಮ ಓಣಿಗೇ ಹಿರಿಯರು. ನನ್ನ ಹೆಂಡತಿ ಒಳಗಿನಿಂದ ಅವರ ಹಳೇ ಧೋತರ ತಂದು ಕೊಟ್ಟಳು.

ಸುದ್ದಿ ಹಬ್ಬಿತು. ಆಮೇಲೆ ಓಣಿಯ ಬಸುರಿಯರ ತಾಯಂದಿರು, ಅತ್ತೆಯಂದಿರು ಬಂದು ನನ್ನ ಥಾನುಗಳ ಕಡೆ ತಿರುಗಿಯೂ ನೋಡದೆ ಅಪ್ಪನ ಸೊಂಟದ ಕಡೆ ನೋಡತೊಡಗಿದರು. ಕಡೆಗೆ ಅಪ್ಪನಿಗೆ ತಡೆಯಲಾಗಲಿಲ್ಲ. ಒಬ್ಬಾಕೆಗೆ ಹೇಳಿಯೇಬಿಟ್ಟರು: "ಇನ್ನ ಮೈಮ್ಯಾಲಿಂದು ಒಂದೇ ಉಳದದ ಯವ್ವಾ. ಇದೂ ಬಿಚ್ಚಿ ಕೊಡ್ತೀನಿ. ಕೂಸಿಗಿ ಹೊಲಿಯೋ ಮುಂದ ನನಗೂ ಒಂದು ಲಂಗೋಟಿ ಹೊಲದು ಕೊಡು."

ಹೋರಾಟ ಬ್ಯಾರೆ, ಮೊಮ್ಮಗ ಬ್ಯಾರೆ

ತಾಂಡೂರಿನ ಬೀಗಿತಿಗೆ, ಅಂದರೆ ಕೂಸಿನ ಅಪ್ಪನ ತಾಯಿಗೆ, ಈ ಲಂಗೋಟಿ ಹಿಡಿಸಲಿಲ್ಲ. ಅವರದು ಕಲ್ಲುಬಂಡೆ ವ್ಯಾಪಾರದ ದೊಡ್ಡ ಮನೆ. ಕೂಸು ನೋಡಲು ಬಂದವರು ಪೆಟ್ಟಿಗೆ ತುಂಬ ಡೈಪರ್ ಪಾಕೀಟು ತಂದು ಇಳಿಸಿದರು.

"ಹರಕು ಅರಿವಿ ಕಟ್ಟಬ್ಯಾಡ್ರಿ ನಮ್ಮ ಮೊಮ್ಮಗನಿಗಿ. ಮೈಮ್ಯಾಲ ಒಂದು ಕೆಂಪು ಗುಳ್ಳಿ ಕಂಡ್ರ, ಸೊಸಿಗಿ ಮೊಮ್ಮಗನಿಗಿ ಇಬ್ಬರಿಗೂ ಕರಕೊಂಡು ಹೋಗ್ತೀನಿ," ಎಂದು ಎಲ್ಲರೆದುರು ಹೇಳಿ ಹೋದರು.

ಲೀಡರ್ ಹೆಂಡತಿಗೋ, ಬಾಣಂತನ ಮುಗಿಯುವ ಐದನೇ ತಿಂಗಳ ತನಕ ಮಗಳು ಮೊಮ್ಮಗ ಕಣ್ಣ ಮುಂದೆಯೇ ಇರಬೇಕು. ಅಂದಿನಿಂದ ಅವರ ಮುಂಜಾನೆಯ ದರ್ಶನ ದೇವರ ಕೋಣೆಯಲ್ಲಲ್ಲ, ಕೂಸಿನ ಕುಂಡಿಯ ಮುಂದೆ ಶುರುವಾಗುತ್ತಿತ್ತು.

ಅಷ್ಟರಲ್ಲಿ ದೊಡ್ಡ ಬಂದ್ ಬಂತು, ಪಾಕೀಟು ಮುಗಿದವು. ಮುಂಜಾನೆ ನನ್ನ ಶಟರ್ ಇಳಿಸಿ ಹೋದ ಲೀಡರ್ ಮಧ್ಯಾಹ್ನ ಹಿಂಬಾಗಿಲು ಬಡಿದರು. ಮೈಕಿನಲ್ಲಿ ತೆಲುಗು, ಹಿಂಬಾಗಿಲಿಗೆ ಬಂದಾಗ ಕನ್ನಡ.

"ಸಾವ್ಕಾರ್ರ, ನಿಮ್ಮ ಪರಿಚಯದಾಗ ಯಾರ ಅಂಗಡ್ಯಾಗರ ಡೈಪರ್ ಅದಾವೇನ್ರಿ?"

"ಮಾಲು ತರೋ ಲಾರಿ ಹೈವೇ ಮ್ಯಾಲ ನಿಂತಾವ್ರಿ."

"ಯಾರು ನಿಲ್ಸ್ಯಾರ?"

"ನೀವೇ ನಿಲ್ಸೀರಿ."

ಲೀಡರ್ ಆಚೀಚೆ ನೋಡಿ ದನಿ ತಗ್ಗಿಸಿದರು. "ಅದು ಹೋರಾಟರಿ. ಇದು ಮೊಮ್ಮಗಂದು."

"ಹಂಗಾದ್ರ ಒಂದು ಲಾರಿ ಬಿಡಸ್ರಿ."

"ಯಾಕ ಬಿಟ್ರಿ ಅಂತ ಹುಡುಗರು ಕೇಳಿದ್ರ ಏನು ಹೇಳ್ಲಿ? ಡೈಪರ್ ಸಲುವಾಗಿ ಅಂತ ಹೇಳ್ಲೇನು?"

ಬರಿಗೈಯಲ್ಲಿ ಹೋದ ಮನುಷ್ಯ ಸಂಜೆಯ ಸಭೆಯಲ್ಲಿ ಗುಡುಗಿದರು. ಈ ಪಾಕೀಟೆಲ್ಲ ಪರದೇಶದವರ ಹುನ್ನಾರ, ನಮ್ಮ ಹಿರಿಯರು ಲಂಗೋಟಿಯಲ್ಲಿ ಬೆಳೆದೇ ಗಂಡಸರಾದರು, ಇಂದಿನಿಂದ ನಮ್ಮ ಮನೆಯಲ್ಲಿ ಲಂಗೋಟಿಯೇ! ಗಂಡಸರೆಲ್ಲ ಚಪ್ಪಾಳೆ ತಟ್ಟಿದರು. ಹೆಂಗಸರು ತಟ್ಟಲಿಲ್ಲ. ಒಗೆಯುವವರು ಯಾರೆಂದು ಅವರಿಗೆ ಗೊತ್ತಿತ್ತು.

ಮುಷ್ಕರದ ಮಾಸ್ತರ್

ಲೀಡರ್ ಮನೆಯ ಬಟ್ಟೆ ಒಗೆಯುವಾಕೆ ಝರಾಸಂಗಂ ಊರಿನಿಂದ ಬಸ್ಸಿಗೆ ಬರುತ್ತಿದ್ದಳು. ಬಸ್ಸು ನಿಂತವು, ಆಕೆಯೂ ನಿಂತಳು. ಬಚ್ಚಲಲ್ಲಿ ಬಕೀಟು ತುಂಬಿ ನಿಂತವು. ಸರಿಯಾಗಿ ಅದೇ ಹೊತ್ತಿಗೆ ಲೀಡರ್ ಹೆಂಡತಿಯ ತಮ್ಮ ಸ್ಕೂಟರ್ ಮೇಲೆ ಬಂದಿಳಿದ. ನಾರಾಯಣಖೇಡದ ಕಡೆ ಸರಕಾರಿ ಸಾಲಿ ಮಾಸ್ತರ್. ನೌಕರರೆಲ್ಲ ಕೆಲಸ ಬಿಟ್ಟು ಮುಷ್ಕರ ಹೂಡಿದ್ದರಿಂದ ಅಕ್ಕನ ಕೈಯಡುಗೆ ಉಂಡು ಮಲಗೋಣವೆಂದು ಬಂದವನು.

"ತಮ್ಮಾ, ಬಕೀಟು ತುಂಬ್ಯಾವ ನೋಡು."

"ಅಕ್ಕಾ, ನಾ ಮುಷ್ಕರದಾಗ ಇದ್ದೀನಿ."

"ಮುಷ್ಕರ ಸಾಲಿಗಿ ಮಾಡೀದಿ. ಕೈಗಿ ಏನಾಗ್ಯಾದ?"

"ಯಾರರ ನೋಡಿದ್ರ?"

"ನೋಡಿದ್ರ ತಂತಮ್ಮ ಮನ್ಯಾವೂ ತಂದು ಕೊಡ್ತಾರ. ಅವೂ ಒಗಿ."

ಒಗೆದ. ಮಳೆಗಾಲ, ಒಣಗುವುದಿಲ್ಲ. ಹಸಿ ಲಂಗೋಟಿ ಒಂದೊಂದಾಗಿ ಇಸ್ತ್ರಿ ಹಾಕಿ ಒಣಗಿಸಿದ. ಹೊಗೆ ಏಳುವಂತೆ ಹಬೆ ಏಳುತ್ತಿತ್ತು. ಆ ವಾಸನೆಗೆ ಮೂಗಿಗೆ ಅಕ್ಕನ ಹಳೇ ಕರವಸ್ತ್ರ ಕಟ್ಟಿಕೊಂಡಿದ್ದ. ಮುಂಜಾನೆ ಒಗೆತ, ಮಧ್ಯಾಹ್ನ ಇಸ್ತ್ರಿ, ಸಂಜೆ ಮಡಿಕೆ. ಒಂದು ದಿನ ರಜೆ ಕೇಳಿದ್ದಕ್ಕೆ ಅಕ್ಕ, "ಕೂಸಿಗಿ ಕೇಳು," ಎಂದರು. ಸರಕಾರವೇ ನಿಂತುಹೋಗಿದ್ದ ಆ ದಿನಗಳಲ್ಲಿ ಇಡೀ ಜಿಲ್ಲೆಯಲ್ಲಿ ಹೊತ್ತಿಗೆ ಸರಿಯಾಗಿ ದುಡಿಯುತ್ತಿದ್ದ ಸರಕಾರಿ ನೌಕರ ಅವನೊಬ್ಬನೇ.

ಹಿರೇರು ಯಾರು?

ಲಂಗೋಟಿಯ ಭಾಷಣದ ಸುದ್ದಿ ತಾಂಡೂರು ಮುಟ್ಟಿತು. ಬೀಗಿತಿ ಜೀಪು ಹತ್ತಿ ಬಂದೇಬಿಟ್ಟರು. ದಾರಿಗೆ ಅಡ್ಡ ಇಟ್ಟ ಕಲ್ಲುಗಳನ್ನು 'ನಾ ಲೀಡರ್ ಬೀಗಿತಿ' ಎಂದು ಬಂದ್ ಹುಡುಗರ ಕೈಯಿಂದಲೇ ತೆಗೆಸಿಕೊಂಡು ಬಂದರು. ಬಂದವರೇ ಲಂಗೋಟಿ ಕಿತ್ತೆಸೆದು ತಾವು ತಂದ ಪಾಕೀಟು ಕಟ್ಟಿದರು. ಅವರ ಹಿಂದೆಯೇ ರಸ್ತೆ ಪೂರಾ ಬಂದಾಯಿತು, ವಾಪಸು ಹೋಗುವಂತಿಲ್ಲ. ತಂದ ಪಾಕೀಟು ಸಾಲದೆ ಹೋದೀತೆಂದು ದೊಡ್ಡ ಮನೆಯ ಬೀಗಿತಿ ಜಿಪುಣತನಕ್ಕಿಳಿದರು. ಬದಲಿಸಿ ಎಂದರೆ, "ಇನ್ನ ಪೂರಾ ತುಂಬಿಲ್ಲ ತಡೀರಿ," ಎನ್ನುವರು. ತಡೆದದ್ದಕ್ಕೆ ಕೂಸಿನ ಕುಂಡಿಯೆಲ್ಲ ಕೆಂಪು ಗುಳ್ಳೆ.

"ನಾ ಹೇಳಿದ್ದಿಲ್ಲೇನು? ಇದು ನಿಮ್ಮ ಹರಕು ಅರಿವಿದೇ ಕೆಲಸ. ರಸ್ತಾ ಬಿಟ್ಟ ಕೂಡ್ಲೆ ಇಬ್ಬರಿಗೂ ಒಯ್ತೀನಿ!"

ಲೀಡರ್ ಹೆಂಡತಿಯ ಮುಖ ಸಣ್ಣದಾಯಿತು. ಡಾಕ್ಟರು ಬಂದು ನೋಡಿ, "ಈ ಪಾಕೀಟು ತೆಗೀರಿ, ಮೆತ್ತನ್ನ ಹಳೇ ಅರಿವಿ ಕಟ್ರಿ," ಎಂದರು. ಆದರೂ ಬೀಗಿತಿ ಸೋಲಲಿಲ್ಲ.

"ಆಗಲಿ. ಆದ್ರ ಅಂಗಡಿಯವರ ಧೋತರ ಬ್ಯಾಡ. ನಮ್ಮಿಬ್ಬರ ಮನ್ಯಾಗ ಯಾರು ಹಿರೇಳೋ ಆಕಿ ಸೀರೀನೇ ಆಗ್ಬೇಕು. ಕೂಸು ಎಲ್ಲಿರಬೇಕು ಅನ್ನೋದೂ ಹಿರೇಳು ಹೇಳಿದಂಗೇ ನಡೀಬೇಕು."

ಅಂಗಡಿ ಮುಚ್ಚಿ ಅವರ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ನಾನು ಕಪ್ಪು ಕೆಳಗಿಟ್ಟೆ.

ಲೀಡರ್ ಹೆಂಡತಿ ಸೆರಗು ಸರಿಮಾಡಿಕೊಂಡು ಬಲು ವಿನಯದಿಂದ ಅಂದರು: "ಖರೇ ಅದರಿ ಬೀಗಿತಿ. ನೀವೇ ಹಿರೇರು. ಸೀರಿ ಕೊಡ್ರಿ, ಕೂಸಿಗೂ ಒಯ್ರಿ."

ಬೀಗಿತಿಯ ಕೈ ತಲೆಗೂದಲಿಗೆ ಹೋಯಿತು. ಕೂದಲು ಕಾಡಿಗೆಯಂತೆ ಕಪ್ಪು. ಅಂಥ ಕಪ್ಪು ದೇವರು ಕೊಡುವುದಿಲ್ಲ, ಅಂಗಡಿಯಲ್ಲಿ ಸಿಗುತ್ತದೆ.

"ನಾ ಹಿರೇಳು ಅಂತ ಯಾರು ಹೇಳ್ಯಾರ? ನಾ ನಿಮಗಿಂತ ಸಣ್ಣಾಕಿ!"

"ಹಂಗಂದ್ರ ನಾ ಹಿರೇಳೇನ್ರಿ?"

"ಮತ್ತ! ಮಾರಿ ನೋಡಿದ್ರೇ ತಿಳೀತದ."

ಲೀಡರ್ ಎದ್ದು ನಿಂತರು. "ಜಗಳ ಬ್ಯಾಡ, ಒಂದು ಕಮಿಟಿ ಮಾಡಿ..."

"ನೀವು ಸುಮ್ನ ಕೂಡ್ರಿ," ಎಂದು ಹೆಂಡತಿ ಅವರನ್ನು ಕೂಡಿಸಿ ನನ್ನ ಕಡೆ ತಿರುಗಿದರು. "ಕೇಳಿದ್ರಲ್ರಿ ಸಾವ್ಕಾರ್ರ? ನಾ ಹಿರೇಳಂತ." ಒಳಗೆ ಹೋಗಿ ತಮ್ಮ ಹಳೇ ಸೀರೆ ತಂದು ಎಲ್ಲರ ಮುಂದೆ ಪರ್ರನೆ ಹರಿದರು. "ಹಿರೇಳ ಮಾತು ಕೇಳ್ರಿ: ಐದನೇ ತಿಂಗಳ ತನಕ ಕೂಸು ಇಲ್ಲೇ."

ಬೀಗಿತಿ ಸಿಕ್ಕಿಬಿದ್ದರು. ಆಡಿದ ಮಾತು ಹಿಂದಕ್ಕೆ ತಗೊಂಡರೆ ಮೊಮ್ಮಗ ಸಿಗುತ್ತಾನೆ, ವಯಸ್ಸು ಹೊರಬೀಳುತ್ತದೆ. ಎಷ್ಟೋ ಚೌಕಾಸಿ ನೋಡಿದವನು ನಾನು. ಗಿರಾಕಿಯ ಎರಡೂ ಕೈ ಹೀಗೆ ಕಟ್ಟಿದ್ದು ನೋಡಿರಲಿಲ್ಲ. ಅವರು ಮೊಮ್ಮಗನನ್ನೇ ಬಿಟ್ಟರು.

ರಸ್ತೆ ಬಿಟ್ಟ ದಿನ ಜೀಪು ಬಾಗಿಲಿಗೆ ಬಂತು. "ಬರ್ತೀನ್ರಿ," ಎಂದು ಬೀಗಿತಿ ಮೆಟ್ಟಿಲಿಳಿಯಲು ಹೊರಟರು. ಹೊಸ್ತಿಲಲ್ಲಿ ನಿಂತಿದ್ದ ಲೀಡರ್ ಹೆಂಡತಿ ಅಲುಗಲಿಲ್ಲ.

"ಸಣ್ಣೋರು ಹಿರೇರ ಕಾಲು ಮುಟ್ಟದೇ ಹೋಗ್ತಾರೇನ್ರಿ?"

ಓಣಿಯೆಲ್ಲ ನೋಡುತ್ತಿತ್ತು. ಬೀಗಿತಿ ಬಗ್ಗಿದರು. ಮೊಣಕಾಲು ಲಟಕ್ಕೆಂದದ್ದು ನಮ್ಮ ಅಂಗಡಿಗೂ ಕೇಳಿಸಿತು. ಕಾಲೇನೋ ಮುಟ್ಟಿದರು, ಮೇಲೇಳಲು ಆಗಲಿಲ್ಲ. ಲೀಡರ್ ಒಂದು ರಟ್ಟೆ, ಮಾಸ್ತರ್ ಇನ್ನೊಂದು ರಟ್ಟೆ ಹಿಡಿದು ಎತ್ತುತ್ತಿರುವಾಗ, ಲೀಡರ್ ಹೆಂಡತಿ ಆ ಕಪ್ಪು ತಲೆಯ ಮೇಲೆ ಕೈಯಿಟ್ಟು ಹರಸಿದರು: "ಚೆಂದಾಗಿ ಬಾಳವ್ವಾ ತಂಗಿ, ಇನ್ನ ಸಣ್ಣ ವಯಸ್ಸು."