ಚೀಸಿನ ಹಂಚಿನ ಮನೆ

ತಪ್ಪೆಲ್ಲ ಓವನ್ನಿನದು. ದಲ್ಲಾಳಿಯ ಮನೆಯಲ್ಲಿ ಓವನ್ ಇರಲಿಲ್ಲ, ಎದುರು ಬಾಗಿಲಿನ ಟೈಲರಕ್ಕನ ಮನೆಯಲ್ಲಿತ್ತು. ಕೇಳಿದ ತಕ್ಷಣ ಅಕ್ಕ ಕೊಟ್ಟರು, ಪಾಪ, ಕೊಡುವುದರಲ್ಲಿ ಧಾರಾಳಿ. ಆದರೆ ಓವನ್ನಿನ ಬೆನ್ನಿಗೇ ತಾವೂ ಬಂದು ಕುರ್ಚಿ ಎಳೆದುಕೊಂಡು ಕೂತರು. ಅವತ್ತು ಹೊಲಿಗೆಗೆ ರಜೆ, ಬಾಯಿಗೆ ರಜೆ ಇರಲಿಲ್ಲ.

ದಲ್ಲಾಳಿ ಎಂದರೆ ಬಾಡಿಗೆ ಮನೆಗಳ ದಲ್ಲಾಳಿ. ಊರಿನ ಅರ್ಧ ಮನೆಗಳ ಕೀಲಿ ಅವನ ಸೊಂಟದಲ್ಲಿ, ಅವನ ಸಂಸಾರ ಮಾತ್ರ ಒಂದೂವರೆ ಕೋಣೆಯಲ್ಲಿ. ಹೆಂಡತಿಗೆ ಬೇಕರಿಯಲ್ಲಿ ಕೆಲಸ. ವರ್ಷದ ಕೊನೆಯ ರಜೆ ಬಂತೆಂದರೆ ಊರವರ ಮಕ್ಕಳಿಗೆಲ್ಲ ಸಿಹಿ ಬಿಸ್ಕತ್ತಿನ ಮನೆ ಕಟ್ಟಿಕೊಡುವವಳು ಅವಳೇ. ರಾತ್ರಿ ಮನೆಗೆ ಬಂದರೆ ಸಕ್ಕರೆಯ ಹೆಸರೆತ್ತಿದರೂ ಮುಖ ಹಿಂಡುತ್ತಾಳೆ. ಈ ಸಲ ಅವಳಿಗೂ ಒಂದು ಮನೆ ಕಟ್ಟಬೇಕು, ಉಪ್ಪು ಬಿಸ್ಕತ್ತಿನದು, ಚೀಸಿನ ಹಂಚಿನದು ಎಂದು ದಲ್ಲಾಳಿ ಬೆಳಿಗ್ಗೆಯೇ ಹಿಟ್ಟಿಗೆ ಕೈ ಹಾಕಿದ್ದ.

ಯಾವ ಮನೆ ಎಂಬುದು ಅವನ ಹೊಟ್ಟೆಯೊಳಗಿನ ಗುಟ್ಟು. ಬೀದಿಯ ಕೊನೆಗೆ ಮೂಲೆಮನೆ ಅಂತ ಒಂದಿದೆ, ಬೀದಿಗೆಲ್ಲ ದುಂಡು ಕಿಟಕಿ ಇರುವುದು ಅದೊಂದಕ್ಕೇ, ಎರಡು ವರ್ಷದಿಂದ ಖಾಲಿ. ಕೆಲಸ ಮುಗಿಸಿ ಬರುವಾಗ ಹೆಂಡತಿ ಅದರ ಗೇಟು ಹಿಡಿದು ಒಂದು ಗಳಿಗೆ ನಿಲ್ಲುತ್ತಾಳೆ. ಯಾರಾದರೂ ಬಂದರಾ ಎಂದು ಕೇಳುತ್ತಾಳೆ. ಇಲ್ಲ ಕಣೇ ಎನ್ನುತ್ತಾನೆ ಇವನು. ಬರುವುದಾದರೂ ಹೇಗೆ? ನೋಡಲು ಬಂದವರಿಗೆಲ್ಲ ಅಡುಗೆಮನೆ ಕತ್ತಲೆ, ನಲ್ಲಿ ಒಣಗಿದೆ, ಮಳೆ ಬಂದರೆ ಕೊಡೆ ಹಿಡಿದೇ ಮಲಗಬೇಕು ಎಂದು ಇವನೇ ಸುಳ್ಳು ಹೇಳಿ ಓಡಿಸುತ್ತಿದ್ದ. ಟೈಲರಕ್ಕನನ್ನೂ ಹಾಗೇ ಸಾಗಹಾಕಿದ್ದ. ಮಾಲೀಕರು ಕೇಳುವ ಬಾಡಿಗೆ ಕೊಡುವ ಯೋಗ್ಯತೆ ತನಗೆ ಎಂದಾದರೂ ಬಂದೀತು, ಅಲ್ಲಿಯವರೆಗೆ ಅದು ಖಾಲಿ ಬಿದ್ದಿರಲಿ ಎಂಬುದೊಂದೇ ಅವನ ಆಸೆ. ಆ ಆಸೆಯನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಲಟ್ಟಿಸಿದ ಹಾಳೆಗೆ ಫೋರ್ಕಿನಿಂದ ಚುಚ್ಚುವುದನ್ನು ಮರೆತಿದ್ದರಿಂದ ಮೊದಲ ನಾಲ್ಕು ಗೋಡೆಗಳೂ ದಿಂಬಿನ ಹಾಗೆ ಉಬ್ಬಿ ಹೊರಬಂದವು. ಚುಚ್ಚಬೇಕಿತ್ತಲ್ಲಪ್ಪ ಎಂದು ಅಕ್ಕ ಆಮೇಲೆ ಹೇಳಿದರು, ಹೇಳಿ ಒಂದು ಗೋಡೆ ತಿಂದರು. ಬೆಣ್ಣೆಯ ವಾಸನೆಗೆ ಮಹಡಿಯಿಂದ ಡ್ರಾಯಿಂಗ್ ಮೇಷ್ಟ್ರು ಇಳಿದು ಬಂದರು. ರಿಟೈರಾಗಿ ಎಷ್ಟೋ ಕಾಲವಾಗಿದ್ದರೂ ಜೇಬಿನಲ್ಲಿ ಅಡಿಪಟ್ಟಿ ಇಟ್ಟುಕೊಂಡೇ ಓಡಾಡುವ ಮನುಷ್ಯ. ಅಳೆದು ನೋಡಿ, ಉಳಿದ ಮೂರೂ ಸೊಟ್ಟಗಿವೆ ಎಂದು ತೀರ್ಪು ಕೊಟ್ಟು, ಆ ಪೈಕಿ ಎರಡನ್ನು ವಿಲೇವಾರಿ ಮಾಡಿದರು.

ಎರಡನೆಯ ಸಲ ಗೋಡೆಗಳು ನೆಟ್ಟಗೆ ಬಂದವು. ಚೀಸ್ ಕರಗಿಸಿ ಗಾರೆಯಂತೆ ಬಳಿದು ನಿಲ್ಲಿಸಿದ. ಆದರೆ ಚೀಸ್ ಇನ್ನೂ ಬಿಸಿ, ಸೂರು ಮೆಲ್ಲಗೆ ಜಾರತೊಡಗಿತು. ಅಕ್ಕ ತಡಮಾಡದೆ ಸೆರಗಿನಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದು ಸೂರಿಗೆ ಚುಚ್ಚಿಬಿಟ್ಟರು. ತಿನ್ನುವ ಮನೆಗೆ ಪಿನ್ನು ಚುಚ್ಚುತ್ತಾರೇನಮ್ಮ ಎಂದು ಮೇಷ್ಟ್ರು ರೇಗಿದರು. ಬಿದ್ದುಹೋದ ಮೇಲೆ ಏನು ತಿಂತೀರಿ ಎಂದು ಅಕ್ಕ ತಿರುಗಿಬಿದ್ದರು. ಇಬ್ಬರ ಜಗಳದ ನಡುವೆ ದಲ್ಲಾಳಿ ಉಸಿರು ಬಿಗಿಹಿಡಿದು ಒಂದೊಂದೇ ಪಿನ್ನು ಕೀಳುತ್ತಿದ್ದ.

ಆಗ ಮೇಷ್ಟ್ರು, ಬಿಸ್ಕತ್ತಿನ ಗೋಡೆಯಲ್ಲಿ ಅಡುಗೆಮನೆಗೆಂದು ಕೊರೆದಿದ್ದ ಕಿಟಕಿಗೆ ಅಡಿಪಟ್ಟಿ ತಗುಲಿಸಿದರು. "ಇದು ಇಲ್ಲಿರಬಾರದು. ಇಲ್ಲಿ ಬೆಳಕೇ ಬರಲ್ಲ."

ದಲ್ಲಾಳಿಗೆ ಎಲ್ಲಿತ್ತೋ ಸಿಟ್ಟು. ದಿನವಿಡೀ ಆ ಮನೆಯನ್ನು ತೆಗಳುವುದು ತನ್ನ ಹಕ್ಕು, ಇನ್ನೊಬ್ಬರು ತೆಗಳಿದರೆ ತಡೆದುಕೊಳ್ಳುವುದು ಹೇಗೆ?

"ಸುಮ್ನಿರಿ ಮೇಷ್ಟ್ರೇ, ನಿಮಗೇನು ಗೊತ್ತು? ಬೆಳಿಗ್ಗೆ ಎದ್ದು ಒಲೆ ಹಚ್ಚೋ ಹೊತ್ತಿಗೆ ಬಿಸಿಲು ನೇರವಾಗಿ ಕಟ್ಟೆ ಮೇಲೆ ಬಂದು ಬೀಳತ್ತೆ. ನಲ್ಲಿ ತಿರುಗಿಸಿದ್ರೆ ಧೋ ಅಂತ ನೀರು. ಎಂಥಾ ಮಳೆ ಬಂದ್ರೂ ಒಂದು ಹನಿ ಸೋರಲ್ಲ. ಪಕ್ಕದಲ್ಲಿ ಈ ದುಂಡು ಕಿಟಕಿ ಇದೆಯಲ್ಲ, ಇಲ್ಲಿ ಕೂತ್ರೆ ದಾರೀಲಿ ಬರೋರು ಬೀದಿ ತುದಿಯಿಂದಲೇ ಕಾಣ್ತಾರೆ. ಅವಳು ಇಲ್ಲಿ ಕಾಲು ಚಾಚಿ ಕೂತು ಒಂದು ಲೋಟ ಚಹಾ ಕುಡೀಬೇಕು. ಅಷ್ಟು ನೋಡಿದ್ರೆ ಸಾಕು ನನಗೆ."

ಮೇಷ್ಟ್ರು ಅಡಿಪಟ್ಟಿಯನ್ನು ಜೇಬಿಗಿಳಿಸಿದರು. ಅಕ್ಕ ದುಂಡು ಕಿಟಕಿಯನ್ನೇ ಸ್ವಲ್ಪ ಹೊತ್ತು ನೋಡಿ, ಒಲೆಯ ಮೇಲೆ ಹಾಲಿಟ್ಟು ಮರೆತೆ ಎನ್ನುತ್ತ ಎದ್ದು ಹೋದರು. ಪೀಡೆ ತೊಲಗಿತು ಎಂದು ದಲ್ಲಾಳಿ ನೆಮ್ಮದಿಯಿಂದ ಚೀಸಿನ ಹಂಚು ಹೊದಿಸಿದ.

ಸಂಜೆ ಹೆಂಡತಿ ಬಂದಳು. ಚಪ್ಪಲಿ ಬಿಡುವುದನ್ನೂ ಮರೆತು ಬಿಸ್ಕತ್ತಿನ ಮನೆಯಿದ್ದ ತಟ್ಟೆಯ ಮುಂದೆ ಕುಕ್ಕರಿಸಿದಳು.

"ಮೂಲೆಮನೆ ಅಲ್ವೇನ್ರೀ?"

ಅವನು ತಲೆಯಾಡಿಸಿದ. ಅವಳು ಮುಟ್ಟಲಿಲ್ಲ, ಸುತ್ತಲೂ ಬಗ್ಗಿ ಬಗ್ಗಿ ನೋಡಿದಳು. ದುಂಡು ಕಿಟಕಿಗೆ ಕಣ್ಣಿಟ್ಟು ಒಳಗೂ ನೋಡಿದಳು. ಅವಳ ಮುಖ ಹಾಗೆ ಅರಳಿದ್ದನ್ನು ಅವನು ಬಹಳ ಕಾಲದಿಂದ ಕಂಡಿರಲಿಲ್ಲ. ಈಗ ಹೇಳಿಬಿಡೋಣ ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಟೈಲರಕ್ಕ ಏದುಸಿರು ಬಿಡುತ್ತ ಒಳಗೆ ಬಂದರು. ಕೈಯಲ್ಲೊಂದು ಕೀಲಿ.

"ಮೂಲೆಮನೆ ಹಿಡಿದುಬಿಟ್ಟೆ ಕಣಪ್ಪ. ನೀನು ಅವತ್ತು ಕತ್ತಲೆ ಅಂದಿದ್ದೆ. ಇವತ್ತು ನಿನ್ನ ಮಾತು ಕೇಳಿದ ಮೇಲೆ ನನಗೆ ಕೂರೋಕ್ಕಾಗಲಿಲ್ಲ. ಮಾಲೀಕರನ್ನ ಕರ್ಕೊಂಡೇ ಹೋಗಿ ನೋಡಿದೆ, ನೀನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ."

ದಲ್ಲಾಳಿ ಗೋಡೆಗೆ ಒರಗಿದ.

ಅಕ್ಕನ ಸಂತೋಷಕ್ಕೆ ತಡೆಯೇ ಇರಲಿಲ್ಲ. "ಸರಿಯಾದ ಹೊತ್ತಿಗೆ ಹೋದೆ ನೋಡು. ಮಾಲೀಕರಿಗೂ ಬೇಜಾರಾಗಿತ್ತಂತೆ. ಯಾರೂ ಒಪ್ತಿಲ್ಲ, ಮನೆ ಪಾಳು ಬೀಳ್ತಿದೆ, ರಜೆ ಮುಗಿದ ಮೇಲೆ ಆ ದಲ್ಲಾಳೀನೇ ಕರೆದು, ಕೈಲಾದಷ್ಟು ಕೊಟ್ಟು ನೀನೇ ಇದ್ದುಕೊಳ್ಳಪ್ಪಾ ಅನ್ನೋಣ ಅಂತಿದ್ದೆ, ಅಂದ್ರು. ಇನ್ನೆರಡು ದಿನ ತಡ ಮಾಡಿದ್ದಿದ್ರೆ ನನ್ನ ಕೈ ತಪ್ಪಿಹೋಗ್ತಿತ್ತು."

ಹೆಂಡತಿ ನಿಧಾನವಾಗಿ ತಿರುಗಿ ಗಂಡನ ಮುಖ ನೋಡಿದಳು. ಅವನು ಎರಡು ವರ್ಷ ಬಾಯಿಬಿಡದೆ ಇಟ್ಟುಕೊಂಡಿದ್ದೆಲ್ಲ ಆ ಮುಖದ ಮೇಲೆ ಬರೆದಿಟ್ಟಂತಿತ್ತು.

"ಈ ಬಿಸ್ಕತ್ತಿನ ಮನೇನೂ ನನಗೇ ಕೊಟ್ಟುಬಿಡು ತಾಯಿ," ಎಂದರು ಅಕ್ಕ. "ನಾಳೆ ಅಲ್ಲಿ ಬಾಗಿಲ ಹತ್ರ ಇಟ್ರೆ ಎಷ್ಟು ಚೆನ್ನಾಗಿರತ್ತೆ."

ಹೆಂಡತಿ ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು. ಅಡುಗೆಮನೆಯ ಗೋಡೆಯನ್ನು ಕಿಟಕಿ ಸಮೇತ ಮುರಿದು ಅರ್ಧ ಗಂಡನ ಕೈಗಿಟ್ಟು, ಉಳಿದರ್ಧ ಬಾಯಿಗೆ ಹಾಕಿಕೊಂಡಳು.

"ಇದು ಆಗಲ್ಲ ಅಕ್ಕ," ಎಂದಳು. "ಇದಕ್ಕೆ ಜನ ಬಂದಾಗಿದೆ."